ಒಂಬತ್ತು ಮಳೆಯ ಮಣ್ಣು

ರೋಹಿಣಿ ಮಳೆ ಇರುಳೆಲ್ಲ ಬಡಿದು, ಬೆಳಕು ಹರಿಯುವ ಹೊತ್ತಿಗೆ ಥಟ್ಟನೆ ನಿಂತಿತ್ತು. ಗಾಳಿಯಿಲ್ಲ. ಕೋಗಿಲು ಕೆರೆಯ ಕಡೆ ಮೋಡ ಇನ್ನೂ ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಮಲಗಿತ್ತು. ಯಲಹಂಕದ ದಿಕ್ಕಿಗೆ ಮಾತ್ರ ಒಂದು ಗೇಣು ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ಬೆಳ್ಳಗಿತ್ತು. ಗಾಡಿ ಜಾಡಿನಲ್ಲಿ ನೀರು ಕುಂಕುಮ ಕದಡಿದಂತೆ ಕೆಂಪಗೆ ಹರಿಯುತ್ತಲೇ ಇತ್ತು.

ಬ್ಯಾಟರಾಯಪ್ಪ ತನ್ನ ಹೊಲದ ತಲೆಯಲ್ಲಿ ನಿಂತು ಆ ಕೆಂಪನ್ನು ನೋಡಿ ಒಳಗೊಳಗೇ ಹಿಗ್ಗಿದ. ಅವನದು ಇಳಿಜಾರಿನ ಬುಡದ ಒಂದೂಕಾಲು ಎಕರೆ. ಅದರ ಮೇಲಕ್ಕೆ ದೊಡ್ಡಪ್ಪನ ಮಗ ಚಿಕ್ಕಬೈರಪ್ಪನ ಎರಡು ಎಕರೆ. ಹಿರಿಯರು ಪಾಲಾದಾಗ ಸರಪಳಿ ಹಿಡಿದು ಅಳೆದವರಲ್ಲ. ಮಣ್ಣನ್ನು ಅಂಗೈಯಲ್ಲಿ ಹಿಸುಕಿ, ಮೂಸಿ, ನಾಲಗೆಗೆ ಮುಟ್ಟಿಸಿ ನೋಡಿದವರು. ಮೇಲಿನದು ತೆಳುವಾದ ಕೆಂಪು ಮಣ್ಣು, ಅಡಿಯಲ್ಲಿ ನೊರಜುಗಲ್ಲಿನ ಗರಸು. ಕೆಳಗಿನದು ದಪ್ಪನೆಯ ಕಂದು ಮಣ್ಣು, ನೀರು ಹಿಡಿಯುವಂಥದ್ದು. ಅದಕ್ಕೇ ಅಣ್ಣನ ಮಗನಿಗೆ ಎರಡು, ತಮ್ಮನ ಮಗನಿಗೆ ಒಂದೂಕಾಲು. ದೇವರ ಮುಂದೆ ಎಲೆ ಅಡಿಕೆ ಇಟ್ಟು ಆದ ಪಾಲು ಅದು.

ಎರಡು ಹೊಲಗಳ ನಡುವೆ ಒಂದು ಬದು. ಮಳೆ ನೀರು ಆ ಬದುವಿಗೆ ಒರಗಿ, ಪಕ್ಕಕ್ಕೆ ಹೊರಳಿ, ಹಳ್ಳ ಸೇರಬೇಕು. ಬದುವಿನ ನಡುಮಧ್ಯೆ ನೀರಿನ ಪೆಟ್ಟು ತಡೆಯಲೆಂದು ಮೂರು ಗುಂಡುಕಲ್ಲು ಹುಗಿದಿದ್ದರು. ಒಂಬತ್ತು ವರ್ಷದಿಂದ, ಅಪ್ಪ ತೀರಿಕೊಂಡ ವರ್ಷದಿಂದ, ಬ್ಯಾಟರಾಯಪ್ಪ ಮೊದಲ ದೊಡ್ಡ ಮಳೆ ಕವಿಯುತ್ತಿದ್ದಂತೆ ತಲೆಗೆ ಗೋಣಿ ಕೊಪ್ಪೆ ಹಾಕಿಕೊಂಡು ಹೋಗಿ ಆ ಮೂರು ಕಲ್ಲನ್ನು ಸಡಿಲಿಸುತ್ತಿದ್ದ. ಮಳೆ ನಿಂತ ಮೇಲೆ ಮತ್ತೆ ಕೂರಿಸುತ್ತಿದ್ದ. ನಡುವೆ ಏನಾಗುತ್ತಿತ್ತೋ ಅದು ಮಳೆರಾಯನ ಕೆಲಸ, ತನ್ನದಲ್ಲ ಎಂದುಕೊಳ್ಳುತ್ತಿದ್ದ. ಮನುಷ್ಯ ತನಗೆ ತಾನೇ ಹೇಳಿಕೊಳ್ಳುವ ಸುಳ್ಳಿಗೆ ಸಾಕ್ಷಿ ಬೇಕಾಗುವುದಿಲ್ಲ.

ಅವನು ಕಲ್ಲು ಕೂರಿಸಿ ಕೈ ತೊಳೆದುಕೊಳ್ಳುವಷ್ಟರಲ್ಲಿ ಮೇಲಿನಿಂದ ಚಿಕ್ಕಬೈರಪ್ಪ ಇಳಿದು ಬಂದ. ಹೆಗಲ ಮೇಲೆ ಗುದ್ದಲಿ, ಕಂಕುಳಲ್ಲಿ ಮಂಕರಿ. ಹಿಂದೆ ಅವನ ಹೆಂಡತಿ ಪಟಾಲಮ್ಮ. ಇಬ್ಬರೂ ಸೀದಾ ಬ್ಯಾಟರಾಯಪ್ಪನ ಹೊಲಕ್ಕಿಳಿದು, ಅಲ್ಲಿ ಹರಡಿಕೊಂಡಿದ್ದ ಹಸಿ ಕೆಂಪು ಮಣ್ಣನ್ನು ಎಳೆದು ಮಂಕರಿಗೆ ತುಂಬತೊಡಗಿದರು.

"ಮಂಕರಿ ಇಳಿಸು ಅತ್ತಿಗೆ," ಎಂದ ಬ್ಯಾಟರಾಯಪ್ಪ.

"ಯಾಕಿಳಿಸ್ಬೇಕು?" ಚಿಕ್ಕಬೈರಪ್ಪ ತಲೆಯೆತ್ತಲಿಲ್ಲ. "ನನ್ನ ಒಲದ ಮಣ್ಣು ನಾನು ಎತ್ಕೊಂಡೋಗ್ತೀನಿ."

"ನನ್ನ ಒಲದಾಗೆ ಬಿದ್ದಿರೋದು ನಂದು. ನಿನ್ನ ಮಣ್ಣಿಗೇನು ಅಚ್ಚೆ ಉಯ್ಸಿದ್ಯಾ?"

"ಮಣ್ಣಾಗೆ ಕುರಿ ಇಕ್ಕೆ ಕಾಣಾಕಿಲ್ವೇನೋ ಕುರುಡ! ಅನ್ನೊಂದು ದಿನ ಮಂದೆ ನಿಲ್ಲಿಸಿದ್ದೆ. ಬ್ಯಾಸ್ಗೆ ಎಲ್ಲ ಕೆರೆ ಗೋಡುಮಣ್ಣು ಗಾಡೀಲಿ ಒಡೆದು ಬೆನ್ನು ಮುರ್ಕೊಂಡೆ. ನಿನ್ನ ಒಲಕ್ಕೆ ಯಾವತ್ತಾರ ಒಂದು ಕುರಿ ಬಂದಿತ್ತಾ?"

"ದ್ಯಾವ್ರು ಕಳಿಸ್ದ, ಬಂತು. ಮಳೆರಾಯನ್ನ ಕೇಳ್ಕೋ ಓಗು."

"ಮಳೆರಾಯ ವರ್ಸಾವರ್ಸ ನನ್ನನ್ನೇ ಗುರಿ ಇಟ್ಟು ಒಡೀತಾನಾ?"

ಬ್ಯಾಟರಾಯಪ್ಪ ಕಾಲಿನಿಂದ ಮಂಕರಿಯನ್ನು ಒದ್ದ. ಅದು ಪಟಾಲಮ್ಮನ ಮೊಣಕಾಲಿಗೆ ತಾಗಿ ಉರುಳಿತು. ಅವಳು ಕೂತಲ್ಲೇ ಮಗುಚಿದಳು. ಚಿಕ್ಕಬೈರಪ್ಪ ಗುದ್ದಲಿಯ ಕಾವನ್ನು ಬೀಸಿದ ವೇಗಕ್ಕೆ ಗಾಳಿ ಸುಯ್ಯೆಂದಿತು. ಬ್ಯಾಟರಾಯಪ್ಪನ ಎಡಗಿವಿ ಸಿಪ್ಪೆಯಂತೆ ಕಿತ್ತು ನೇತಾಡಿತು. ನೋವು ಬರುವ ಮೊದಲು ಬಿಸಿ ಬಂತು, ಕತ್ತಿನ ಮೇಲಿಂದ ಎದೆಗೆ ಇಳಿಯಿತು. ಅವನು ಗೂಳಿಯ ಹಾಗೆ ತಲೆ ತಗ್ಗಿಸಿ ನುಗ್ಗಿ ಅಣ್ಣನ ಹೊಟ್ಟೆಗೆ ಗುಮ್ಮಿದ. ಇಬ್ಬರೂ ಕೆಸರಿನಲ್ಲಿ ಹೊರಳಿದರು. ಮೇಲಿದ್ದವನು ಕೆಳಗೆ, ಕೆಳಗಿದ್ದವನು ಮೇಲೆ. ಒಬ್ಬ ಕಚ್ಚಿದ, ಒಬ್ಬ ಗಂಟಲು ಹಿಚುಕಿದ. ಸ್ವಲ್ಪ ಹೊತ್ತಿಗೆ ಯಾರ ರಕ್ತ ಯಾವುದು, ಯಾರ ಮಣ್ಣು ಯಾವುದು ಎಂದು ಭೂತಾಯಿಗೂ ಗೊತ್ತಾಗದ ಹಾಗೆ ಕಲಸಿಹೋದರು.

ಪಟಾಲಮ್ಮ ಕಿರುಚಿದ್ದಕ್ಕೆ ಅಕ್ಕಪಕ್ಕದ ಹೊಲದವರು ಓಡಿಬಂದು ಎಳೆದು ಬೇರೆ ಮಾಡಿದರು.

ಊರ ಹಿರಿಯ ಮುನಿವೆಂಕಟಯ್ಯ ಕೋಲೂರಿಕೊಂಡು ಬಂದು ಇಬ್ಬರ ಮುಖವನ್ನೂ ನೋಡಿದ. ಆ ಸೀಮೆಯಲ್ಲಿ ಹೊಲದ ವ್ಯಾಜ್ಯಕ್ಕೆ ಕೋರ್ಟಿಗಿಂತ ಹಳೆಯದೊಂದು ದಾರಿ ಇತ್ತು. ಮೈಮೇಲೆ ನೀರು ಸುರಿದುಕೊಂಡು, ಒದ್ದೆ ಬಟ್ಟೆಯಲ್ಲಿ, ವ್ಯಾಜ್ಯದ ಹೊಲದ ಹಸಿಮಣ್ಣಿನ ಹೆಂಟೆಯನ್ನು ನೆತ್ತಿಯ ಮೇಲಿಟ್ಟುಕೊಂಡು ಬದುವಿನ ಉದ್ದಕ್ಕೂ ನಡೆಯಬೇಕು. ಸುಳ್ಳಾಡಿ ನಡೆದವನನ್ನು ಆ ಮಣ್ಣೇ ನೋಡಿಕೊಳ್ಳುತ್ತದೆ. ನಡೆದ ಮೇಲೆ ಎದುರಾಳಿ ಬಾಯಿ ಮುಚ್ಚಬೇಕು.

"ಮಣ್ಣು ಒತ್ತು ನಡೀತೀಯೇನೋ ಬ್ಯಾಟ್ರಾಯ?"

"ನಡೀತೀನಿ."

ಬ್ಯಾಟರಾಯಪ್ಪನ ಮನಸ್ಸು ಆಗಲೇ ಒಂದು ಸಂದು ಹುಡುಕಿತ್ತು. ಹೆಂಟೆ ತಲೆಯ ಮೇಲೆ ಕೂತಾಗ ಅವನು ಕೈಮುಗಿದು, ಎಲ್ಲರಿಗೂ ಕೇಳುವಂತೆ ಹೇಳಿದ: "ಅಣ್ಣನ ಒಲದಿಂದ ಒಂದಿಡಿ ಮಣ್ಣನ್ನೂ ನಾನು ಕೈಯಾರೆ ಎತ್ತಿಲ್ಲ."

ಅದು ನಿಜವೇ. ಅವನು ಎತ್ತಿದ್ದು ಕಲ್ಲನ್ನು.

ನಡೆದ. ಹೆಂಟೆಯಿಂದ ಕೆಂಪು ನೀರು ಹಣೆಯ ಮೇಲೆ ಇಳಿದು, ಕಿವಿಯ ರಕ್ತದ ಜೊತೆ ಸೇರಿ, ಗದ್ದದಿಂದ ತೊಟ್ಟಿಕ್ಕಿತು. ಆ ಮೂರು ಕಲ್ಲಿನ ಮೇಲೆ ಕಾಲಿಡುವಾಗ ಪಾದ ಒಮ್ಮೆ ಜಾರಿತು, ಸಾವರಿಸಿಕೊಂಡ. ಬದುವಿನ ಕೊನೆ ಮುಟ್ಟಿದ. ಚಿಕ್ಕಬೈರಪ್ಪ ನೆಲಕ್ಕೆ ಉಗಿದು, ಗುದ್ದಲಿ ಎತ್ತಿಕೊಂಡು, ಖಾಲಿ ಮಂಕರಿಯೊಂದಿಗೆ ಮೇಲೆ ಹತ್ತಿಹೋದ. ಕಟ್ಟಳೆ ಅಂದರೆ ಕಟ್ಟಳೆ.

*

ಎಂಟು ದಿನಕ್ಕೆ ಊರಿಗೆ ಚನ್ನಕೇಶವ ಬಂದ. ಭೂಸಾರ ಉಳಿಸುವ ಸರ್ಕಾರಿ ಕೆಲಸದವನು, ಹಣೆಯಲ್ಲಿ ಸಣ್ಣ ನಾಮ, ಸೈಕಲ್ಲಿನ ಹಿಂದೆ ನಕ್ಷೆಯ ಸುರುಳಿ, ಇಬ್ಬರು ಆಳು. ಊರಿನ ಒಂದೊಂದು ಹೊಲಕ್ಕೂ ಹೋಗಿ, ಬಡಗಿಯ ಬೈರಿಗೆಯಂಥ ಕಬ್ಬಿಣದ ಸಲಾಕೆಯನ್ನು ತಿರುವಿ ತಿರುವಿ ನೆಲಕ್ಕಿಳಿಸಿ ಮಣ್ಣು ತೆಗೆಯುತ್ತಿದ್ದ. ಎಷ್ಟು ಆಳ, ಎಷ್ಟು ಇಳಿಜಾರು, ಎಷ್ಟು ಕೊಚ್ಚಿಹೋಗಿದೆ ಎಂದು ನೋಡಿ ನಕ್ಷೆಗೆ ಬಣ್ಣ ಬಳಿಯುತ್ತಿದ್ದ. ಹಸಿರು ಬಳಿದರೆ ಒಳ್ಳೆಯ ನೆಲ. ಹಳದಿಯಾದರೆ ಬದು ಹಾಕಿ ಎಚ್ಚರಿಕೆಯಿಂದ ಉಳಬೇಕಾದ್ದು. ಕಂದು ಬಳಿದರೆ ನೇಗಿಲು ಮುಟ್ಟಿಸಬಾರದು, ಹುಲ್ಲಿಗೂ ಮರಕ್ಕೂ ಬಿಡಬೇಕು.

ಚಿಕ್ಕಬೈರಪ್ಪನ ಹೊಲದಲ್ಲಿ ಸಲಾಕೆ ನಾಲ್ಕು ಬೆರಳು ಇಳಿದು ಕರ್ರೆಂದು ಹಲ್ಲು ಕಡಿಯಿತು. ಗರಸು. ಹತ್ತು ಹೆಜ್ಜೆ ಆಚೆ ಮತ್ತೆ ತಿರುವಿದರು. ಅಲ್ಲೂ ನಾಲ್ಕೇ ಬೆರಳು.

ಚನ್ನಕೇಶವ ಕಂದು ಪೆನ್ಸಿಲ್ ತೆಗೆದ. "ಇದಕ್ಕೆ ಸರ್ವೆ ಗಿಡ ಹಾಕಿಬಿಡಿ ಯಜಮಾನರೇ."

"ಸರ್ವೆ ಗಿಡ ಮುದ್ದೆ ಆಗ್ತದಾ ಸ್ವಾಮಿ?" ಚಿಕ್ಕಬೈರಪ್ಪ ಪೆನ್ಸಿಲ್ಲಿಗೆ ಕೈ ಅಡ್ಡ ಹಿಡಿದ. "ಇರೋದೇ ಇಷ್ಟು. ಬದುನಾದ್ರೂ ಆಕ್ಸಿಕೊಡಿ."

"ಬದು ಹಾಕಿಸೋದು ಉಳೋ ನೆಲಕ್ಕೆ ಮಾತ್ರ. ಬದು ಇಲ್ಲದಿದ್ರೆ ಇನ್ನೆರಡು ಮಳೆಗೆ ಇದೂ ಇರಲ್ಲ." ಅವನು ದಿಬ್ಬದ ಮೇಲಿನ ಬಂಡೆಯನ್ನು ತೋರಿಸಿದ. "ಆ ಬಂಡೆ ಬಿಸಿಲಿಗೆ ಒಡೆದು, ಮಳೆಗೆ ಪುಡಿಯಾಗಿ, ಬೇರು ಸೀಳಿ, ಹುಳ ತಿಂದು ಉಗಿದು ಆದ ಮಣ್ಣು ಇದು. ಬೆರಳಗಲ ಆಗೋಕೆ ನಿಮ್ಮ ಮನೆತನದ ಇಪ್ಪತ್ತು ತಲೆ ಹುಟ್ಟಿ ಸಾಯ್ಬೇಕು. ಕಳ್ಕೊಳ್ಳೋಕೆ ಒಂದು ರಾತ್ರಿ ಸಾಕು." ಪೆನ್ಸಿಲ್ಲನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿದ. "ಪುನರ್ವಸು ಮಳೆ ಹೊತ್ತಿಗೆ ನಕ್ಷೆ ಕಳಿಸ್ಬೇಕು. ಅಲ್ಲೀವರೆಗೂ ಬಣ್ಣ ಹಾಕಲ್ಲ. ಆದರೆ ಮಣ್ಣು ಇಲ್ಲದ್ದನ್ನ ಇದೆ ಅಂತ ಬರೆಯೋಕಾಗಲ್ಲ. ಇರಲಿ, ಇಲ್ಲಿಂದ ಹೋಗಿದ್ದು ಎಲ್ಲಿ ಕೂತಿದೆ ನೋಡೋಣ."

ಹಾಗೆಂದು ಅವನು ಕೆಳಗಿಳಿದು, ಬ್ಯಾಟರಾಯಪ್ಪನ ಹೊಲದಲ್ಲಿ, ಬದುವಿಗೆ ನಾಲ್ಕು ಮಾರು ದೂರದಲ್ಲಿ ಗುಂಡಿ ತೋಡಿಸಿದ. ಮೂರು ಅಡಿ ಅಗಲ, ಆಳುದ್ದ ಆಳ. ಅಗೆದ ಮಣ್ಣನ್ನು ಆಳುಗಳು ಅಂಚಿಗೇ ಗುಡ್ಡೆ ಹಾಕಿದರು. ಮುನಿವೆಂಕಟಯ್ಯ, ಚಿಕ್ಕಬೈರಪ್ಪ, ಪಟಾಲಮ್ಮ ಸುತ್ತ ನಿಂತರು. ಬ್ಯಾಟರಾಯಪ್ಪ ಕಿವಿಗೆ ಅರಿಶಿನದ ಬಟ್ಟೆ ಕಟ್ಟಿಕೊಂಡು ಬದಿಯಲ್ಲಿ ನಿಂತಿದ್ದ.

ಚನ್ನಕೇಶವ ಒಳಗಿಳಿದು, ಗುಂಡಿಯ ಗೋಡೆಯನ್ನು ಚಾಕುವಿನಿಂದ ಹೆರೆದು, ಚೊಂಬಿನ ನೀರು ಚಿಮುಕಿಸಿದ. ಒದ್ದೆ ಗೋಡೆಯಲ್ಲಿ ಬಣ್ಣಗಳು ಎದ್ದು ಬಂದವು.

"ನೋಡಿ, ಇಲ್ಲಿ ಮೊಣಕಾಲು ಮಟ್ಟಕ್ಕೆ ಕಂದು ಮಣ್ಣು. ಇದು ಈ ಹೊಲದ ಹಳೇ ಮುಖ. ರಾಗಿ ಕೂಳೆ ಬೇರು ಇನ್ನೂ ಇದೆ. ಇದರ ಮೇಲಿರೋದೆಲ್ಲ ಬಂದು ಕೂತ ಕೆಂಪು." ಅವನ ಚಾಕುವಿನ ತುದಿ ಕೆಳಗಿನಿಂದ ಮೇಲಕ್ಕೆ ಹತ್ತಿತು. "ಪ್ರತಿ ಪಟ್ಟೆಗೂ ಅಡಿಯಲ್ಲಿ ಮರಳು, ಮೇಲೆ ನುಣುಪು. ಅಂದ್ರೆ ವರ್ಷಕ್ಕೊಂದು ಸಾರಿ ನೀರು ಜೋರಾಗಿ ನುಗ್ಗಿದೆ, ಆಮೇಲೆ ನಿಂತಿದೆ. ಒಂದು, ಎರಡು... ಒಂಬತ್ತು. ಬದು ತಾನಾಗಿ ಸವೆದಿದ್ರೆ ಪಟ್ಟೆ ಇಷ್ಟು ಓರಣವಾಗಿರಲ್ಲ. ಬಾಗಿಲು ತೆಗೆದು ಮುಚ್ಚಿದ ಹಾಗಿದೆ."

ಅದು ಅವನು ಯಾರ ಮೇಲೂ ದೂರು ಹೊರಿಸಲು ಹೇಳಿದ ಮಾತಲ್ಲ. ಓದಿದ್ದನ್ನು ಓದಿ ಹೇಳಿ, ಕೈ ಕೊಡವಿಕೊಂಡು ಮೇಲೆ ಹತ್ತಿಬಂದ. ಚಿಕ್ಕಬೈರಪ್ಪ ಒಳಕ್ಕೆ ಧುಮುಕಿದ. ಒಂದೊಂದು ಪಟ್ಟೆಯನ್ನೂ ಉಗುರಿನಿಂದ ಕೆರೆದು ಕೆರೆದು ನೋಡಿದ. ಆಮೇಲೆ ಕತ್ತೆತ್ತಿ ತಮ್ಮನನ್ನು ನೋಡಿದ.

"ಚಿಕ್ಕಪ್ಪ ಸತ್ತು ಎಷ್ಟು ವರ್ಸ ಆಯ್ತೋ?"

ಬ್ಯಾಟರಾಯಪ್ಪ ಅಂಚಿನಿಂದ ಹಿಂದೆ ಸರಿಯಲು ಕಾಲೆತ್ತಿದ.

"ಒಂಬತ್ತಲ್ವೇನೋ, ಬೋಳಿಮಗನೇ!"

ಗುಂಡಿಯಿಂದ ಎದ್ದ ಕೈ ಬ್ಯಾಟರಾಯಪ್ಪನ ಕಣಕಾಲು ಹಿಡಿದು ಎಳೆಯಿತು. ಅವನು ಅಂಚಿಗೆ ಬೆನ್ನು ಉಜ್ಜಿಕೊಂಡು ಒಳಗೆ ಬಿದ್ದ. ಇಬ್ಬರು ನಿಂತರೆ ಮೂರನೆಯವನಿಗೆ ಉಸಿರಾಡಲು ಜಾಗವಿಲ್ಲದ ಗುಂಡಿ. ಕೈ ಬೀಸಲಾಗದು, ಕಾಲು ಮಡಚಲಾಗದು. ಚಿಕ್ಕಬೈರಪ್ಪ ಅವನ ಗಾಯದ ಕಿವಿಯನ್ನೇ ಹಿಡಿದು ತಿರುಚಿದ. ಬ್ಯಾಟರಾಯಪ್ಪನ ಕಣ್ಣು ಕತ್ತಲಾಯಿತು. ಆ ಕತ್ತಲೆಯಲ್ಲಿ ಅವನು ತಲೆಯಿಂದ ಗುದ್ದಿದ, ಮೊಣಕೈಯಿಂದ ತಿವಿದ. ಅಣ್ಣನ ಮೂಗು ಪಟಕ್ಕೆಂದದ್ದು ಕೇಳಿಸಿತು. ಚಿಕ್ಕಬೈರಪ್ಪ ಕುಸಿದ. ಬ್ಯಾಟರಾಯಪ್ಪ ಅವನ ಎದೆಯ ಮೇಲೆ ಮಂಡಿಯೂರಿ, ಗೋಡೆಯಿಂದ ಬೊಗಸೆ ತುಂಬ ಕೆಂಪು ಮಣ್ಣು ಕಿತ್ತು ಅವನ ಬಾಯಿಗೆ ತುರುಕಿದ.

"ತಿನ್ನು! ಮಣ್ಣು ಮಣ್ಣು ಅಂತೀಯಲ್ಲ, ತಿನ್ನು! ಒಟ್ಟೆ ತುಂಬ ತಿನ್ನು!"

ಮೇಲಿಂದ ಚನ್ನಕೇಶವ ಕೂಗುತ್ತಿದ್ದ: "ಅಂಚು ಬಿಡ್ತಾ ಇದೆ, ಮೇಲೆ ಬನ್ರೋ!"

ಗೋಡೆ ಕಿತ್ತ ಕಡೆಯಿಂದಲೇ ಬಾಯಿ ಬಿಟ್ಟಿತು. ಮೊದಲು ಒಂದು ಬಿರುಕು, ಆಮೇಲೆ ಒಂಬತ್ತು ಪಟ್ಟೆಯ ಗೋಡೆ ಇಡಿಯಾಗಿ, ಅಂಚಿನ ಗುಡ್ಡೆಯನ್ನೂ ಹೊತ್ತುಕೊಂಡು, ನಿಟ್ಟುಸಿರಿನಂಥ ಸದ್ದು ಮಾಡಿ ಕುಸಿಯಿತು. ಬ್ಯಾಟರಾಯಪ್ಪ ಸೊಂಟದವರೆಗೆ ಹೂತುಹೋದ. ಕೆಳಗಿದ್ದ ಚಿಕ್ಕಬೈರಪ್ಪ ಕಾಣಲೇ ಇಲ್ಲ.

ಮೇಲೆ ಪಟಾಲಮ್ಮ ಎದೆ ಬಡಿದುಕೊಂಡಳು. ಜಕ್ಕೂರಿನ ಕಡೆಯಿಂದ ಒಂದು ಸಣ್ಣ ವಿಮಾನ ಗುರ್ರೆನ್ನುತ್ತ ತಲೆಯ ಮೇಲೆ ಹೋಯಿತು. ಬ್ಯಾಟರಾಯಪ್ಪ ಮೈ ಕಿತ್ತುಕೊಂಡು, ಮಂಡಿಯೂರಿ ಕೂತ. ಆಗ ಅವನ ಮನಸ್ಸಿಗೆ ಒಂದು ಯೋಚನೆ ಬಂತು. ಅದನ್ನು ಅವನು ಸಾಯುವವರೆಗೂ ಯಾರಿಗೂ ಹೇಳಲಿಲ್ಲ. ಆದರೆ ಬಂದದ್ದು ಬಂತು. ಗೋಡೆ ಬಿದ್ದುಹೋಯಿತು, ಇನ್ನು ಯಾರೂ ಅದನ್ನು ಓದಲಾರರು. ಓದಿದವನು ಪರಸ್ಥಳದವನು, ನಾಳೆ ಸೈಕಲ್ ಹತ್ತಿ ಹೋಗುತ್ತಾನೆ. ಒಳಗಿಳಿದು ಕೆರೆದು ನೋಡಿದವನು ಅಡಿಯಲ್ಲಿದ್ದಾನೆ; ಮೇಲಿದ್ದವರು ಕೇಳಿದ್ದು ಬರೀ ಮಾತು. ಸ್ವಲ್ಪ ಹೊತ್ತು ಕೈ ಕಟ್ಟಿಕೊಂಡಿದ್ದರೆ ಸಾಕು.

ಎರಡು ಉಸಿರಿನಷ್ಟು ಹೊತ್ತು ಅವನು ಕೈ ಕಟ್ಟಿಕೊಂಡೇ ಇದ್ದ.

ಆಮೇಲೆ ಮಣ್ಣು ಅಲುಗಿತು. ಎರಡು ಬೆರಳು ಮೇಲೆದ್ದು, ಏನನ್ನೋ ಹುಡುಕುವಂತೆ ತಡಕಾಡಿ, ಅವನ ಮೊಣಕಾಲಿಗೆ ತಾಗಿ, ಅಲ್ಲೇ ಹಿಡಿದುಕೊಂಡವು. ಹೊಡೆಯುವ ಹಿಡಿತವಲ್ಲ. ಚಿಕ್ಕಂದಿನಲ್ಲಿ ಕೆರೆಯಲ್ಲಿ ಈಜು ಕಲಿಸುವಾಗ ಇದೇ ಅಣ್ಣ ತನ್ನನ್ನು ಹಿಡಿಯುತ್ತಿದ್ದ ಹಾಗಿನ ಹಿಡಿತ.

"ಅಪ್ಪಾ ಬ್ಯಾಟರಾಯಸ್ವಾಮಿ!" ಎಂದು ಮನೆದೇವರನ್ನು ಅರಚಿ ಕರೆದು ಅವನು ಅಗೆಯತೊಡಗಿದ. ಗುದ್ದಲಿ ಹಾಕಿದರೆ ತಲೆಗೇ ಬಿದ್ದೀತು, ಬರಿಗೈಯಲ್ಲೇ ತೋಡಿದ. ಅಣ್ಣನ ಹೊಲದ ಮಣ್ಣನ್ನು ಹಿಡಿ ಹಿಡಿಯಾಗಿ, ಕೈಯಾರೆ, ಎತ್ತಿ ಎತ್ತಿ ಎಸೆದ. ಎರಡು ಉಗುರು ಬುಡಸಮೇತ ಕಿತ್ತುಬಂದವು. ಮೊದಲು ಕೂದಲು ಸಿಕ್ಕಿತು, ಆಮೇಲೆ ಹಣೆ. ಬಾಯಲ್ಲಿ ತಾನೇ ತುರುಕಿದ ಮಣ್ಣು ಬಿಗಿದುಕೊಂಡಿತ್ತು. ಅದನ್ನು ಬೆರಳು ಹಾಕಿ ಗೋರಿದ. ಚಿಕ್ಕಬೈರಪ್ಪ ಕೆಮ್ಮಿದ. ಎಳೆಯುವಾಗ ಅವನ ಬಲಗಾಲು ಬರಬಾರದ ದಿಕ್ಕಿಗೆ ತಿರುಗಿತ್ತು. ಅವನ ಕೂಗು ಊರಿನವರೆಗೂ ಕೇಳಿಸಿತು.

ಮೇಲೆ ಮಲಗಿಸಿದ ಮೇಲೆ ಪಟಾಲಮ್ಮ ಸೆರಗಿನಿಂದ ಗಂಡನ ಮುಖ ಒರೆಸಿದಳು. ಎದ್ದು ಬಂದು ಬ್ಯಾಟರಾಯಪ್ಪನ ಕೆನ್ನೆಗೆ ಎರಡು ಕಡೆಯೂ ಬಾರಿಸಿದಳು. ಅವನು ತಡೆಯಲಿಲ್ಲ.

"ಕಲ್ಲು ನಾನೇ ಕೀಳ್ತಿದ್ದೆ," ಎಂದ ಮುನಿವೆಂಕಟಯ್ಯನ ಕಡೆ ತಿರುಗಿ. "ಒಂಬತ್ತು ವರ್ಸ."

ಮುದುಕ ಕೋಲಿನಿಂದ ಬದು ತೋರಿಸಿದ. "ಮಣ್ಣು ಒತ್ತು ನಡೆದ್ಯಲ್ಲೋ," ಎಂದಷ್ಟೇ ಹೇಳಿ, ಕೋಲೂರಿಕೊಂಡು ಹೊರಟುಹೋದ. ದಂಡ ಹಾಕಿದ್ದರೆ ಬ್ಯಾಟರಾಯಪ್ಪನಿಗೆ ಹಗುರವಾಗುತ್ತಿತ್ತು.

*

ಚಿಕ್ಕಬೈರಪ್ಪನ ಕಾಲಿಗೆ ಬಿದಿರ ದಬ್ಬೆ ಕಟ್ಟಿದರು. ಊರು ಬ್ಯಾಟರಾಯಪ್ಪನ ಜೊತೆ ಮಾತು ಬಿಟ್ಟಿತು. ಅವನು ಒಂದು ದಿನ ಯಲಹಂಕದವರೆಗೂ ನಡೆದುಹೋಗಿ ಚನ್ನಕೇಶವನನ್ನು ಹುಡುಕಿ ಕೇಳಿದ: "ಆ ಮಣ್ಣು ಮೇಲಕ್ಕೆ ಎತ್ಕೊಂಡೋಗಿ ಆಕಿದ್ರೆ ಅದು ಮತ್ತೆ ಒಲ ಆಗ್ತದಾ ಸ್ವಾಮಿ?"

"ಸುಮ್ಮನೆ ಸುರಿದ್ರೆ ಆಗಲ್ಲ," ಎಂದ ಚನ್ನಕೇಶವ. "ಮೊದಲು ಇಳಿಜಾರಿಗೆ ಅಡ್ಡವಾಗಿ ಒಂದು ಬದು ಕಟ್ಟು. ಮೇಲ್ಗಡೆ ಒಂದೆರಡು ಪಟ್ಟೆ ಬರೀ ಗರಸು. ಅಣ್ಣನ ಹೊಲದಲ್ಲಿ ಒಳ್ಳೇ ಮಣ್ಣು ಮುಗಿದು ಅದೇ ಬರ್ತಾ ಇತ್ತು. ಇನ್ನೆರಡು ವರ್ಷ ಬಿಟ್ಟಿದ್ರೆ ನಿನ್ನ ಹೊಲವೂ ಸಾಯ್ತಿತ್ತು. ಅದನ್ನ ಸರಿಸಿ, ನಡುವಿನ ನುಣ್ಣನೆ ಕೆಂಪು ತಗೋ. ಹಳೇ ಕಂದು ಮುಟ್ಟಬೇಡ. ತೆಳ್ಳಗೆ ಹರಡು, ಉತ್ತು ಬೆರೆಸು, ಮತ್ತೆ ಹರಡು."

ಮಾರನೆಯ ಬೆಳಗ್ಗೆ ಅವನು ಮೊದಲ ಗಾಡಿ ಹೂಡಿ ಅಣ್ಣನ ಹೊಲಕ್ಕೆ ಹತ್ತಿದ. ಪಟಾಲಮ್ಮ ಗಾಡಿಯ ಅಡ್ಡ ನಿಂತು, ಅವನ ಕೈಯಿಂದ ಬಾರುಕೋಲು ಕಿತ್ತುಕೊಂಡು, ಎತ್ತುಗಳಿಗಲ್ಲ, ಅವನ ಬೆನ್ನಿಗೆ ಬಾರಿಸಿದಳು. ಅಂಗಿ ಹರಿದು ಚರ್ಮ ಎದ್ದಿತು.

"ಬಾಯಿಗೆ ಮಣ್ಣಾಕ್ದವನು ಒಲಕ್ಕೆ ಆಕಕ್ಕೆ ಬಂದ್ಯಾ? ನಡಿ ಆಚೆ!"

ಅವನು ಹೊಡೆತ ಮುಗಿಯುವವರೆಗೂ ನಿಂತಿದ್ದು, ಮಣ್ಣು ಸುರಿದು, ಹರಡಿ, ಇಳಿದುಹೋದ. ಎರಡನೆಯ ದಿನವೂ ಬಾರುಕೋಲೇ. ಮೂರನೆಯ ದಿನ ಅವಳು ಎಸೆದ ಕಲ್ಲು ಅವನ ಹುಬ್ಬು ಸೀಳಿತು; ರಕ್ತ ಕಣ್ಣಿಗಿಳಿದು ಎತ್ತುಗಳು ಕಾಣದಿದ್ದಾಗ ಅವನು ನೊಗ ತಡವಿಕೊಂಡೇ ಗಾಡಿ ನಡೆಸಿದ. ನಾಲ್ಕನೆಯ ದಿನ ಅವಳು ಬಾಗಿಲಲ್ಲೇ ಕೂತು ನೋಡಿದಳು. ಆಮೇಲೆ ನೋಡುವುದನ್ನೂ ಬಿಟ್ಟಳು.

ಮೃಗಶಿರ ಸಣ್ಣಗೆ ಹನಿದು ಹೋಯಿತು. ಆರಿದ್ರೆ ಬಂದು ಹೊಸ ಬದುವನ್ನು ಗುದ್ದಿ ನೋಡಿತು. ಒಂದು ಮಧ್ಯಾಹ್ನ ನೀರು ಬದುವಿನ ಬುಡ ಕೊರೆಯುವಾಗ ಬ್ಯಾಟರಾಯಪ್ಪ ಬೇರೆ ದಾರಿ ಕಾಣದೆ ಆ ಬಿರುಕಿಗೆ ತನ್ನ ಬೆನ್ನನ್ನೇ ಒಡ್ಡಿ ಮಲಗಿದ. ನೀರು ಕಲ್ಲು ತಂದು ಪಕ್ಕೆಗೆ ಬಡಿಯಿತು. ಮಳೆ ಹೊಳವಾಗುವವರೆಗೂ ಹಾಗೇ ಇದ್ದ. ಬದು ನಿಂತಿತು. ತನ್ನ ಹೊಲಕ್ಕೆ ಆ ವರ್ಷ ಅವನು ನೇಗಿಲು ಇಳಿಸಲಿಲ್ಲ; ಹೊತ್ತೇ ಸಿಗಲಿಲ್ಲ. ಎಷ್ಟು ಗಾಡಿ ಹತ್ತಿತೆಂದು ಅವನೂ ಎಣಿಸಲಿಲ್ಲ, ಬೇರೆಯವರೂ ಎಣಿಸಲಿಲ್ಲ.

ಪುನರ್ವಸುವಿನಲ್ಲಿ ಚನ್ನಕೇಶವ ಬಂದು ಸಲಾಕೆ ತಿರುವಿದ. ನಾಲ್ಕು ಬೆರಳು ದಾಟಿತು. ಎಂಟು ದಾಟಿತು. ಒಂದು ಗೇಣಾದ ಮೇಲೆ ಕರ್ರೆಂದಿತು. ಇನ್ನೂ ಮೂರು ಕಡೆ ನೋಡಿದ. ನಕ್ಷೆ ಬಿಡಿಸಿ, ಸೈಕಲ್ಲಿನ ಸೀಟಿನ ಮೇಲಿಟ್ಟುಕೊಂಡು ಹಳದಿ ಬಳಿದ. ಬದು ಹಾಕುವವರನ್ನು ಕಳಿಸುತ್ತೇನೆಂದು ಹೇಳಿ ಹೋದ.

ಇನ್ನು ಬ್ಯಾಟರಾಯಪ್ಪ ಬರಲಾರನೆಂದು ಊರು ಅಂದುಕೊಂಡಿತು. ಮರುದಿನ ಬೆಳಗ್ಗೆ ಗಾಡಿಯ ಕೀಲು ಕಿರುಗುಟ್ಟುವ ಸದ್ದು ದಿಬ್ಬ ಹತ್ತಿತು. ಚಿಕ್ಕಬೈರಪ್ಪ ಹೊಲದ ಅಂಚಿನಲ್ಲಿ ಕುಂಟುಗಾಲು ಚಾಚಿಕೊಂಡು ಬಿತ್ತನೆಯ ರಾಗಿ ಹಸನು ಮಾಡುತ್ತಿದ್ದ. ಮೂರು ವಾರ ಅವನು ತಮ್ಮನಿಗೆ ಒಂದು ಮಾತೂ ಆಡಿರಲಿಲ್ಲ. ಗಾಡಿ ಹತ್ತಿರ ಬಂದಾಗ ಕತ್ತೆತ್ತದೆಯೇ ಹೇಳಿದ:

"ಆ ಮೂಲೇಗೆ ಸುರಿ. ಅಲ್ಲಿನ್ನೂ ಗರಸು ಕಾಣ್ತದೆ."

ಬ್ಯಾಟರಾಯಪ್ಪ ಎತ್ತುಗಳನ್ನು ಮೂಲೆಗೆ ತಿರುಗಿಸಿದ. ಗಾಡಿಯ ಮೂಕಿ ಮೇಲೆತ್ತಿ ಹಿಂದಿನಿಂದ ಮಣ್ಣು ಸುರಿದ. ಬಗ್ಗಿ, ಹೆಂಟೆಗಳನ್ನು ಒಂದೊಂದಾಗಿ ಕೈಯಲ್ಲಿ ಪುಡಿ ಮಾಡಿ, ಗರಸು ಕಾಣದ ಹಾಗೆ ಹರಡತೊಡಗಿದ.